ರಾತ್ರಿ ಎದ್ದು ಬೆಂಕಿ ನೋಡೋರು ಯಾರು

ಮಗಳ ಬಾಣಂತನಕ್ಕಂತ ಮಿನಿಯಾಪೊಲಿಸ್‌ಗೆ ಬಂದು ಎರಡು ತಿಂಗಳ ಮ್ಯಾಲಾತು. ಊರಿಂದ ಫೋನ್ ಮಾಡಿದವರೆಲ್ಲಾ ಕೂಸಿನ ಸುದ್ದಿ ಆದ ಕೂಡಲೇ ಕೇಳೋದು ಒಂದ: "ಅಲ್ಲೆ ಥಂಡಿ ಹೆಂಗದರೀ ವೈನಿ?" ಹೋದ ವಾರ ಒಂದಿನ ಮುಂಜಾನೆ ಮೈನಸ್ 24 ಇತ್ತು ಅಂದ್ರ ನಮ್ಮ ಬಾಜೂ ಮನಿ ಮೌಶಿ ನಂಬಲೇ ಇಲ್ಲ. ಧಾರವಾಡದಾಗ 12ಕ್ಕ ಇಳದ್ರ ಕಿವಿಗೆ ಹತ್ತಿ ಇಟಗೊಂಡು ಮಫ್ಲರ್ ಸುತಗೊಳ್ಳೋ ಮಂದಿ ನಾವು. ಆದ್ರ ಖರೇ ಹೇಳ್ತೇನಿ, ನನ್ನ ಮೊಮ್ಮಗಳಿಗೆ ಥಂಡಿ ಹತ್ತಿದ್ದು ಆ ಮೈನಸ್ 24ರ ದಿನ ಅಲ್ಲ. ಹೊರಗ ಬರೇ ಮೈನಸ್ 3 ಇದ್ದ ಒಂದು ರಾತ್ರಿ. ಅದು ಯಾಕ ಹಂಗಾತು ಅಂತ ತಿಳಕೊಳ್ಳಲಿಕ್ಕೆ ಹೋಗಿ ಈ ಮನಿ ಗ್ವಾಡ್ಯಾಗಿನ ವೈರುಗಳ ಇತಿಹಾಸನ ಓದಬೇಕಾತು. ನಿಮ್ಮ ಮಕ್ಕಳೂ ಅಮೇರಿಕಾ, ಕೆನಡಾ ಅಂತ ಇದ್ದಾರ, ನಿಮಗೂ ಬೇಕಾಗಬಹುದು ಅಂತ ಬರೀಲಿಕ್ಕೆ ಕೂತೇನಿ. ಕೂಸು ತೊಡಿ ಮ್ಯಾಲ ಮಲಗ್ಯದ, ಹಿಂಗಾಗಿ ಒಂದ ಕೈಲೆ ಬರೀಲಿಕ್ಹತ್ತೇನಿ.

ನನ್ನ ಬಾಣಂತನ ನಮ್ಮ ಅವ್ವ ಮಾಡಿದಾಗ ಕಾವಿನ ಲೆಕ್ಕ ಪೂರ್ತಿ ಆಕಿ ಕೈಯಾಗ ಇತ್ತು. ಹೊರಸಿನ ಕೆಳಗ ಅಗ್ಗಿಷ್ಟಿಗಿ, ಬಚ್ಚಲದಾಗ ತಾಮ್ರದ ಬಂಬ. ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು ಬರ್ತಿದ್ಲು. ಕೂಸಿನ ಅಂಗಾಲು ಮುಟ್ಟಿ ನೋಡ್ತಿದ್ಲು. ತಣ್ಣಗಿದ್ರ ಕೆಂಡದ ಮ್ಯಾಲಿನ ಬೂದಿ ಸರಿಸಿ ಎರಡು ಸಲ ಊದೋದು, ಬೆವತಿದ್ರ ಬೂದಿ ಎಳದು ಮುಚ್ಚೋದು. ಅಷ್ಟ. ಈಗಿನ ಹುಡುಗ್ಯಾರು ಇದನ್ನ ಮಾಡಲಿಕ್ಕೆ ಹೋಗಬ್ಯಾಡ್ರಿ ಮತ್ತ. ಕದ ಕಿಡಕಿ ಮುಚ್ಚಿದ ಖೋಲ್ಯಾಗ ಕೆಂಡ ಇಟ್ರ ವಿಷದ ಗಾಳಿ ತುಂಬಿ ಜೀವಕ್ಕ ಅಪಾಯ. ನಮ್ಮ ಹಂಚಿನ ಮನ್ಯಾಗ ಸಂದಿಗೊಂದಿಯಿಂದ ಗಾಳಿ ಆಡ್ತಿತ್ತು, ಬದುಕಿದ್ವಿ.

ಮಗಳ ಮನಿ ಸುಮಾರು ನೂರು ವರ್ಷದ್ದು. ಈ ಒಂದು ಮನಿಗೆ ಮೂರು ಒಲಿ ಅವ. ನೆಲಮಾಳಿಗ್ಯಾಗ ಗ್ಯಾಸಿನ ಬಾಯ್ಲರ್ ಅದ. ನಮ್ಮ ಬಂಬನ ಅನ್ರಿ, ಭಾಳ ದೊಡ್ಡದು. ಅದರ ಬಿಸಿನೀರು ಕೊಳವಿಯೊಳಗ ಹಾದು ಎಲ್ಲಾ ಖೋಲ್ಯಾಗಿನ ರೇಡಿಯೇಟರ್‌ಗೆ ಹೋಗ್ತದ. ಕಿಡಕಿ ಕೆಳಗ ಬೀಡಿನ ಕಬ್ಬಿಣದ ದಪ್ಪ ದಪ್ಪ ಕೊಳವಿ ಸಾಲಾಗಿ ನಿಂತಿರ್ತಾವಲ್ಲಾ, ಅವ. ಅಟ್ಟದ ಮ್ಯಾಲ ಹೀಟ್ ಪಂಪ್. ಹಿಂದಿನ ಮಾಲಕರು ಬ್ಯಾಸಿಗಿ ಏಸಿ ಸಲುವಾಗಿ ಹಾಕಿಸಿದ್ದು, ಥಂಡ್ಯಾಗ ಅದ ಉಲ್ಟಾ ತಿರುಗಿ ಬಿಸಿಗಾಳಿ ಊದ್ತದ. ಫ್ರಿಜ್ಜಿನ ಹಿಂದ ಕೈ ಇಟ್ರ ಬೆಚ್ಚಗಿರ್ತದಲ್ಲಾ, ಅದ ತತ್ವ: ಒಳಗಿನ ಕಾವು ಎಳದು ಹೊರಗ ಹಾಕೋದು. ಇಲ್ಲೆ ಹೊರಗಿನ ಥಂಡಿ ಗಾಳ್ಯಾಗಿಂದಾನೂ ಅಷ್ಟಿಷ್ಟು ಕಾವು ಹಿಂಡಿ ಒಳಗ ತರ್ತದ. ಮೂರನೇದ್ದು ಹಿತ್ತಲ ಕಡೆ ಆಮ್ಯಾಲ ಕಟ್ಟಿಸಿದ ಗಾಜಿನ ಖೋಲಿದು. ಅಲ್ಲೆ ಗ್ವಾಡಿ ಬುಡಕ್ಕ ಹೊಂದಿಸಿದ ಕರೆಂಟಿನ ಹೀಟರ್.

ಮೂರಕ್ಕೂ ಬ್ಯಾರೆ ಬ್ಯಾರೆ ಡಬ್ಬಿ. ಬಾಯ್ಲರಿಂದೂ ಹೀಟ್ ಪಂಪಿಂದೂ ಪಡಸಾಲಿ ಗ್ವಾಡಿ ಮ್ಯಾಲ ಬಾಜೂ ಬಾಜೂ ಇದ್ವು, ಹೀಟರಿಂದು ಗಾಜಿನ ಖೋಲ್ಯಾಗ. ನಮ್ಮ ಅಳಿಯಂದ್ರಿಗೆ ಇದು ಸರಿಬರಲಿಲ್ಲ. "ಅತ್ತಿಯವರ, ಮೂರೂ ಒಂದರೊಳಗ ತರ್ತೇನಿ, ನೀವು ಫೋನ್‌ನ್ಯಾಗ ಬಟ್ಟಿಟ್ರ ಸಾಕು" ಅಂದ್ರು. ಒಂದು ಸ್ಮಾರ್ಟ್ ಥರ್ಮೋಸ್ಟಾಟ್ ತರಿಸಿ, ಶನಿವಾರ ಮಧ್ಯಾಹ್ನ ಮೇನ್ ಬಂದ್ ಮಾಡಿ, ಎರಡು ಡಬ್ಬಿ ಕಿತ್ತು, ಎಲ್ಲಾ ವೈರು ಅದಕ್ಕ ಜೋಡಿಸಿದ್ರು. ಹೀಟರಿಂದು ಮುಂದಿನ ವಾರಕ್ಕ ಇಟ್ರು. ಸಂಜಿಗೆ ಎಲ್ಲಾ ನಡೀತು. ನಾನೂ ಭೇಷ್ ಅಂದೆ, ಗೋದಿ ಹುಗ್ಗಿ ಮಾಡಿ ಬಡಿಸಿದೆ.

ಮುಂಜಾನೆ ಮೂರಕ್ಕ ಕೂಸು ಅಳೂ ಧ್ವನಿ ಕೇಳಿ ಎದ್ದೆ. ಅಂಗಾಲು ಮುಟ್ಟಿದ್ರ ಬರಫ್! ಬಾಣಂತಿ ಖೋಲಿ ಕೆಳಗಿನ ಮೂಲ್ಯಾಗ ಅದ, ಎರಡು ಕಡೆ ಹೊರಗ್ವಾಡಿ. ರೇಡಿಯೇಟರ್ ಮುಟ್ಟಿದೆ, ಅದೂ ತಣ್ಣಗ. ಪಡಸಾಲಿಗೆ ಓಡಿ ನೋಡಿದ್ರ ಅಲ್ಲೆ ಹಿತವಾಗಿ ಬೆಚ್ಚಗದ, ಹೊಸಾ ಡಬ್ಬಿ 68 ಅಂತ ತೋರಿಸಿ ಸುಮ್ಮನ ಕೂತದ. 68 ಅಂದ್ರ ನಮ್ಮ ಲೆಕ್ಕದಾಗ 20 ಡಿಗ್ರಿ. ಕೂಸಿನ ಖೋಲ್ಯಾಗಿನ ಗಡಿಯಾರದಾಗ 57 ಇತ್ತು, ಅಂದ್ರ 14. ಮಗಳು ಬಾಣಂತಿ, ಆಕಿ ಮೈಮ್ಯಾಲ ಎರಡು ಕೌದಿ ಹಾಕಿ, ಕೂಸಿನ್ನ ನನ್ನ ಎದಿಗೆ ಅವಚಗೊಂಡು ಪಡಸಾಲ್ಯಾಗ ಕೂತೆ. ಅಳಿಯಂದ್ರ ಮಾರಿ ನೋಡಲಾರದಂಗ ಆಗಿತ್ತು. ಅವರನ್ನ ನಾ ಏನೂ ಅನಲಿಲ್ಲ. ಅನಬೇಕು ಅನಿಸಿತ್ತು.

ಸೋಮವಾರ ಬಾಯ್ಲರ್ ಮಿಸ್ತ್ರಿ ಬಂದ. ಅರವತ್ತು ದಾಟಿದ ಮನಶ್ಯಾ. ಡಬ್ಬಿ ತಗದು, ಗ್ವಾಡ್ಯಾಗಿನ ತೂತಿನೊಳಗ ಬ್ಯಾಟರಿ ಹಿಡದು ಸುಮಾರು ಹೊತ್ತು ನೋಡಿದ. ಆಮ್ಯಾಲ ನನ್ನನ್ನೂ ಕರದು ತೋರಿಸಿದ. ಒಂದು ಕಡಿಂದ ಬರೇ ಎರಡ ವೈರು, ಅದರ ಮ್ಯಾಲಿನ ಬಟ್ಟಿ ಹೊದಿಕಿ ಕರ್ರಗ ಆಗಿತ್ತು. ಇನ್ನೊಂದು ಕಡಿಂದ ಬಣ್ಣಬಣ್ಣದ ಎಂಟು ಎಳಿ ಇದ್ದ ಹೊಸಾ ಕೇಬಲ್. "ಇವು ಎರಡು ಬ್ಯಾರೆ ಬ್ಯಾರೆ ಕಾಲದವು" ಅಂದ ಅಂತ ಮಗಳು ಹೇಳಿದ್ಲು. ಆ ಮಾತು ನನ್ನ ತಲ್ಯಾಗ ಕೂತುಬಿಟ್ತು.

ಮೊದಲು ಆ ಎರಡು ವೈರಿನ ಸುದ್ದಿ. ಬೆಂಕಿ ತಾನ ತನ್ನ ಕಾವು ನೋಡಿಕೊಳ್ಳಬೇಕು ಅನ್ನೋ ಆಸೆ ಹಳೇದು. 1600ರ ದಶಕದ ಶುರುವಿಗೇ ಕಾರ್ನೆಲಿಸ್ ಡ್ರೆಬ್ಬೆಲ್ ಅನ್ನೋ ಡಚ್ ಮನಶ್ಯಾ ಇಂಗ್ಲೆಂಡಿನ್ಯಾಗ ಕೋಳಿ ತತ್ತಿಗೆ ಕಾವು ಕೊಡೋ ಪೆಟಗಿ ಮಾಡಿದ್ದ. ಕಾವು ಏರಿದ್ರ ಒಳಗಿನ ದ್ರವ ಉಬ್ಬಿ ಪಾದರಸ ನೂಕ್ತಿತ್ತು, ಅದು ಗಾಳಿ ಬರೋ ಬಾಯಿ ಮುಚ್ಚತಿತ್ತು, ಬೆಂಕಿ ಸಣ್ಣಗಾಗ್ತಿತ್ತು. ನಮ್ಮ ಅವ್ವ ಬೂದಿ ಎಳದು ಮುಚ್ಚಿಧಂಗ ನೋಡ್ರಿ. ಥರ್ಮೋಸ್ಟಾಟ್ ಅನ್ನೋ ಹೆಸರು ಬಂದದ್ದು 1830ರಾಗ, ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ ಅನ್ನೋ ರಸಾಯನಶಾಸ್ತ್ರಜ್ಞನಿಂದ. ಎರಡು ನಮೂನಿ ಲೋಹದ ಪಟ್ಟಿ ಬೆಸೆದ್ರ ಕಾವಿಗೆ ಒಂದು ಜಾಸ್ತಿ ಉಬ್ಬತದ, ಒಂದು ಕಡಿಮಿ, ಹಿಂಗಾಗಿ ಪಟ್ಟಿ ಬಾಗತದ. ಆ ಬಾಗೋದನ್ನ ಆತ ಕೆಲಸಕ್ಕ ಹಚ್ಚಿದ. ನಿಮ್ಮ ಇಸ್ತ್ರಿ ಪೆಟಗ್ಯಾಗ ಟಕ್ ಅಂತ ದೀಪ ಆರ್ತದಲ್ಲಾ, ಅದರೊಳಗೂ ಇಂಥಾ ಪಟ್ಟಿನ ಇರ್ತದ.

ಮನಿ ಮಠದ ತನಕಾ ಇದು ಬರಲಿಕ್ಕೆ ಇನ್ನೂ ಐವತ್ತು ವರ್ಷ ಹಿಡೀತು. ಇಲ್ಲೇ ಬಾಜೂ ರಾಜ್ಯ ವಿಸ್ಕಾನ್ಸಿನ್. ಅಲ್ಲಿ ವೈಟ್‌ವಾಟರ್ ಅನ್ನೋ ಊರಾಗ ಮಾಸ್ತರ ತರಬೇತಿ ಶಾಲಿ ಇತ್ತು, ವಾರೆನ್ ಜಾನ್ಸನ್ ಅಲ್ಲಿ ಪ್ರೊಫೆಸರ್. ಶಾಲಿ ಸಿಪಾಯಿ ಪ್ರತಿ ಖೋಲಿಗೆ ಬಂದು, ಪಾಠದ ನಡುವ ಒಳಗ ಹೊಕ್ಕು ಥಂಡಿ ಅದೋ ಸೆಕಿ ಅದೋ ನೋಡಿ, ಕೆಳಗ ಹೋಗಿ ಬೆಂಕಿ ಸರಿ ಮಾಡಬೇಕಾಗಿತ್ತು. ಪಾಠ ಕೆಡ್ತದ ಅಂತ ಜಾನ್ಸನ್ 1883ರಾಗ ಒಂದು ಕರೆಂಟಿನ ಸಾಧನಕ್ಕ ಪೇಟೆಂಟ್ ತಗೊಂಡ. ಖೋಲಿ ತಣ್ಣಗಾದ್ರ ನೆಲಮಾಳಿಗ್ಯಾಗ ಸಿಪಾಯಿ ಹತ್ರ ಗಂಟಿ ಬಾರಿಸ್ತಿತ್ತು. ಲಕ್ಷ ಕೊಡ್ರಿ, ಬೆಂಕಿ ಮುಟ್ಟವ ಇನ್ನೂ ಸಿಪಾಯಿನ. ಯಂತ್ರ ಬರೇ ಕರೀತಿತ್ತು. ಈ ಜಾನ್ಸನ್ 1885ರಾಗ ಮಿಲ್ವಾಕೀ ಊರಾಗ ಶುರು ಮಾಡಿದ ಕಂಪನಿ ಇವತ್ತಿಗೂ ಅದ.

ಗಂಟಿಗೆ ಎದ್ದು ಹೋಗೋ ಮನಶ್ಯಾನ ಕೆಲಸಾನೂ ಯಂತ್ರಕ್ಕ ಕೊಟ್ಟದ್ದು ಇದ ಮಿನಿಯಾಪೊಲಿಸ್ ಊರಾಗ! ಇದನ್ನ ಓದಿದಾಗ ನನಗ ಮೈ ಜುಮ್ ಅಂತು. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಆಲ್ಬರ್ಟ್ ಬುಟ್ಜ್ ಅನ್ನಾಂವ 1885ರಾಗ ಒಂದು ಹಿಕಮತ್ತು ಮಾಡಿದ, ಮುಂದಿನ ವರ್ಷ ಪೇಟೆಂಟ್ ಸಿಕ್ತು. ಆಗ ಕಲ್ಲಿದ್ದಲಿನ ಭಟ್ಟಿ. ಭಟ್ಟಿಗೆ ಗಾಳಿ ಬಿಡೋ ಒಂದು ತಗಡಿನ ಮುಚ್ಚಳ. ಖೋಲಿ ತಣ್ಣಗಾದ್ರ ಗ್ವಾಡಿ ಮ್ಯಾಲಿನ ಪಟ್ಟಿ ಬಾಗಿ ಎರಡು ವೈರು ಕೂಡಿಸ್ತಿತ್ತು, ಕೆಳಗ ಒಂದು ಮೋಟರ್ ಅರ್ಧ ಸುತ್ತು ತಿರುಗಿ ಸರಪಳಿ ಎಳದು ಮುಚ್ಚಳ ತೆಗೀತಿತ್ತು. ಬೆಂಕಿ ಭುಗ್ ಅಂತಿತ್ತು. ಖೋಲಿ ಬೆಚ್ಚಗಾದ್ರ ಇನ್ನರ್ಧ ಸುತ್ತು ತಿರುಗಿ ಮುಚ್ಚಳ ಮುಚ್ಚತಿತ್ತು. ಇದ್ದಲು ತುಂಬೋದು, ಬೂದಿ ತೆಗಿಯೋದು ತಪ್ಪಲಿಲ್ಲ, ಅದು ಹೆಚ್ಚಾಗಿ ಮನಿ ಹೆಂಗಸರ ಅಥವಾ ಆಳಿನ ಪಾಲಿಗೇ ಇತ್ತು. ಆದ್ರ ರಾತ್ರಿ ಮೂರಕ್ಕ ಎದ್ದು ಮುಚ್ಚಳ ತೆಗಿಯೋದು ತಪ್ಪಿತು. ಬುಟ್ಜ್‌ನ ಕಂಪನಿ ಕೈಯಿಂದ ಕೈಗೆ ಹೋಗಿ, ಹೆಸರು ಬದಲಾಗಿ, 1927ರಾಗ ಇಂಡಿಯಾನಾ ರಾಜ್ಯದ ಮಾರ್ಕ್ ಹನಿವೆಲ್‌ನ ಕಂಪನಿ ಜೋಡಿ ಕೂಡಿ ಮಿನಿಯಾಪೊಲಿಸ್-ಹನಿವೆಲ್ ಆತು.

ನಮ್ಮ ಗ್ವಾಡ್ಯಾಗಿನ ಕರ್ರನ ಎರಡು ವೈರು ಅಂದ್ರ ಇದ. ಕೂಡಿದ್ರ ಬೆಂಕಿ, ಬಿಟ್ರ ಇಲ್ಲ. ಮಿಸ್ತ್ರಿ ಅವಕ್ಕ ಆರ್ ಮತ್ತ ಡಬ್ಲ್ಯೂ ಅಂದ. ಆರ್‌ನ್ಯಾಗ 24 ವೋಲ್ಟಿನ ಕರೆಂಟು ಬರ್ತದ, ಬಾಯ್ಲರ್ ಹತ್ರ ಇರೋ ಸಣ್ಣ ಟ್ರಾನ್ಸ್‌ಫಾರ್ಮರ್‌ನಿಂದ. ಡಬ್ಲ್ಯೂ ಅಂದ್ರ ಕಾವು ಕೇಳೋ ವೈರು. ಕಿತ್ತು ಹಾಕಿದ ಹಳೇ ಗೋಲ ಡಬ್ಬಿಗೆ ಈ ಎರಡ ಸಾಕಾಗಿದ್ವು. ಆ ಗೋಲ ಡಬ್ಬಿದೂ ಒಂದು ಹೆಸರಾದ ಇತಿಹಾಸ. 1953ರಾಗ ಹನಿವೆಲ್ ಅದನ್ನ ಮಾರಾಟಕ್ಕ ತಂದಿತು, ರೂಪ ಕೊಟ್ಟಾಂವ ಹೆನ್ರಿ ಡ್ರೇಫಸ್. ಅಮೇರಿಕಾದಾಗ ಯಾವ ಹಳೇ ಮನಿಗೆ ಹೋದ್ರೂ ಒಂದು ಕಾಣ್ತದ ಅಂತಾರ. ಒಳಗ ಸುರುಳಿ ಪಟ್ಟಿ, ಅದರ ತುದಿಗೆ ಗಾಜಿನ ಸಣ್ಣ ಕೊಳವಿ, ಅದರಾಗ ಒಂದು ಹನಿ ಪಾದರಸ. ಪಟ್ಟಿ ಬಾಗಿದ್ರ ಕೊಳವಿ ವಾಲತದ, ಪಾದರಸ ಉರುಳಿ ಎರಡು ತುದಿ ಕೂಡಿಸ್ತದ. ಬ್ಯಾಟರಿ ಬ್ಯಾಡ, ಕರೆಂಟು ಕುಡಿಯೂದಿಲ್ಲ. ಹೀಂಗಾಗಿ ಮೂರನೇ ವೈರು ಎಳೀಬೇಕು ಅಂತ ಯಾರಿಗೂ ಅನಿಸಲಿಲ್ಲ. ಇವತ್ತು ಸಾವಿರಾರು ಮನ್ಯಾಗ ಸ್ಮಾರ್ಟ್ ಡಬ್ಬಿ ಹಾಕೋರಿಗೆ ಗಂಟು ಬೀಳೋದು ಇಲ್ಲೇ. ಅದಕ್ಕ ಪರದಿ ಅದ, ವೈಫೈ ಅದ, ಹಗಲು ರಾತ್ರಿ ಕರೆಂಟು ಬೇಕು. ಕರೆಂಟು ಬಂದ ದಾರಿಲೆ ತಿರುಗಿ ಹೋಗಲಿಕ್ಕೆ ಸೀ ಅನ್ನೋ ಇನ್ನೊಂದು ವೈರು ಬೇಕು. ಅದಿಲ್ಲದಿದ್ರ ಕೆಲವು ಡಬ್ಬಿ ಡಬ್ಲ್ಯೂ ವೈರಿನಿಂದ ಗುಟುಕು ಗುಟುಕು ಕರೆಂಟು ಕದ್ದು ಬದುಕ್ತಾವ. ಒಮ್ಮೊಮ್ಮೆ ಸಾಲದ ಬ್ಯಾಟರಿ ಇಳದು ಮಲಗಿಬಿಡ್ತಾವ.

ನಮ್ಮ ಡಬ್ಬಿ ಮಲಗಿರಲಿಲ್ಲ. ಅಟ್ಟದಿಂದ ಬಂದ ಎಂಟು ಎಳಿ ಕೇಬಲ್‌ನ್ಯಾಗ ಸೀ ಇತ್ತು, ಹೀಟ್ ಪಂಪ್ ತಿರುಗಿಸೋ ವಾಯ್ ಇತ್ತು, ಫ್ಯಾನಿಂದು ಜೀ ಇತ್ತು, ಬಿಸಿಯೋ ತಂಪೋ ಅಂತ ದಿಕ್ಕು ಬದಲಿಸೋದೂ ಒಂದಿತ್ತು. ಅಳಿಯಂದ್ರು ಎಲ್ಲಾ ಬರೋಬ್ಬರಿ ಜೋಡಿಸಿದ್ರು. ಆರ್ ವೈರು ಎರಡು ಇದ್ವು, ಬಾಯ್ಲರಿಂದು ಒಂದು, ಅಟ್ಟದ್ದೊಂದು. ಅವನ್ನ ಕೂಡಸದ ಬ್ಯಾರೆ ಬ್ಯಾರೆ ಇಟ್ಟಿದ್ರು. ಅದಕ್ಕ ಮಿಸ್ತ್ರಿ ಬೆನ್ನು ಚಪ್ಪರಿಸಿದ. ಎರಡು ಟ್ರಾನ್ಸ್‌ಫಾರ್ಮರ್ ಕರೆಂಟು ಒಂದಕ್ಕೊಂದು ತಾಗಿದ್ರ ಒಂದಾದ್ರೂ ಸುಟ್ಟು ಹೋಗೋ ಸಂಭವ ಇರ್ತದಂತ. ಹಂಗ ಎರಡನ್ನ ಒಂದ ಡಬ್ಬಿಗೆ ಕಟ್ಟಲೇಬೇಕು ಅಂದ್ರ ನಡುವ ರಿಲೇ ಅನ್ನೋ ಬಿಡಿ ಸ್ವಿಚ್ಚು ಹಾಕೋದು ಛಲೋ ಅಂದ: ಒಂದು ಕಡೆ ಕರೆಂಟು ಅದನ್ನ ಒತ್ತತದ, ಇನ್ನೊಂದು ಕಡೆ ಬಾಯ್ಲರಿನ ಎರಡು ವೈರು ಕೂಡ್ತಾವ, ಎರಡೂ ಕಡೆ ಕರೆಂಟು ಒಂದರ ಮಾರಿ ಒಂದು ನೋಡೂದಿಲ್ಲ. ಸಂಬಂಧ ಕುದುರಿಸೋ ಮಂದಿ ಹಂಗ.

ಹಂಗಾರ ವೈರು ಸರಿ ಇದ್ದೂ ಕೂಸಿಗೆ ಥಂಡಿ ಯಾಕ ಹತ್ತಿತು? ಹೊರಗ ಮೈನಸ್ 3 ಇತ್ತಲ್ಲಾ, ಅದಕ್ಕ. ಅಷ್ಟು ಥಂಡಿಗೆ ಹೀಟ್ ಪಂಪ್ ಒಂದ ಸಾಕು, ಖರ್ಚೂ ಕಡಿಮಿ ಅಂತ ಡಬ್ಬಿ ಲೆಕ್ಕ ಹಾಕಿತು. ಬಾಯ್ಲರ್ ಹಚ್ಚಲೇ ಇಲ್ಲ. ಅಟ್ಟದ ಬಿಸಿಗಾಳಿ ಕೊಳವಿ ಮ್ಯಾಲಿನ ಖೋಲಿಗಳಿಗೂ ಪಡಸಾಲಿಗೂ ಅವ, ಕೆಳಗಿನ ಮೂಲಿ ಖೋಲಿಗೆ ಇಲ್ಲ. ಅದಕ್ಕ ರೇಡಿಯೇಟರ್ ಒಂದ ಗತಿ. ಪಡಸಾಲಿ ಬೆಚ್ಚಗಾತು, ಡಬ್ಬಿ ಪಡಸಾಲ್ಯಾಗ ಕೂತದ, ಅದಕ್ಕ ಸಮಾಧಾನ ಆತು. ಮೈನಸ್ 24ರ ದಿನ ಹೀಟ್ ಪಂಪಿಗೆ ಆಗೂದಿಲ್ಲ ಅಂತ ತಾನ ಬಾಯ್ಲರ್ ಹಚ್ಚತಿತ್ತು, ಕೂಸು ಬೆಚ್ಚಗಿರ್ತಿತ್ತು. ಮಿಸ್ತ್ರಿ ಇನ್ನೊಂದು ಮಾತು ಹೇಳಿದ, ಅದು ನನಗ ಹೊಳದಿರಲಿಲ್ಲ. ಬಾಯ್ಲರ್ ಹಿಂಗ ದಿನಗಟ್ಟಲೆ ಸುಮ್ಮನ ಕೂತು ಥಂಡಿ ಇನ್ನೂ ಏರಿದ್ರ, ಹೊರಗ್ವಾಡಿ ಒಳಗಿನ ಕೊಳವ್ಯಾಗ ನೀರು ಬರಫ್ ಆಗಿ ಕೊಳವಿ ಒಡೀತಾವ.

ಒಂದು ಮನಿಗೆ ಒಂದ ಕಾವು ಸಾಲದು, ಖೋಲಿಗೊಂದು ಲೆಕ್ಕ ಬೇಕು ಅನ್ನೋದನ್ನ ನೂರು ವರ್ಷದ ಹಿಂದ ಒಬ್ಬಾಕಿ ಹೆಣ್ಣುಮಗಳು ಕಾಗದದ ಮ್ಯಾಲ ಬರದಿಟ್ಟಾಳ ಅಂತ ಈ ಓದಿನ್ಯಾಗ ಗೊತ್ತಾತು. ಹೆಸರು ಆಲಿಸ್ ಪಾರ್ಕರ್, ನ್ಯೂ ಜೆರ್ಸಿಯ ಮಾರಿಸ್‌ಟೌನ್ ಊರಾಕಿ, ಕಪ್ಪು ಜನಾಂಗದಾಕಿ. 1919ರ ಡಿಸೆಂಬರ್ 23ಕ್ಕ ಆಕಿಗೆ ಪೇಟೆಂಟ್ ಸಿಕ್ಕದ. ಕಟಗಿ ಇದ್ದಲು ಬ್ಯಾಡ, ಗ್ಯಾಸಿನ ಭಟ್ಟಿ. ಅದರಾಗ ಬ್ಯಾರೆ ಬ್ಯಾರೆ ಒಲಿ, ಪ್ರತಿ ಒಲಿದು ಬಿಸಿಗಾಳಿ ಬ್ಯಾರೆ ಕೊಳವಿಲೆ ಬ್ಯಾರೆ ಖೋಲಿಗೆ, ಒಂದೊಂದನ್ನೂ ಬ್ಯಾರೆ ಹತೋಟಿ ಮಾಡಬಹುದು. ಆ ಕಾಲದಾಗ ಅಲ್ಲಿ ಹೆಂಗಸರಿಗೆ ದೇಶಕ್ಕೆಲ್ಲಾ ಸೇರಿ ಮತದಾನದ ಹಕ್ಕೂ ಬಂದಿರಲಿಲ್ಲ, ಅದು ಬಂದದ್ದು 1920ಕ್ಕ. ಆಕಿ ಬದುಕಿನ ಬಗ್ಗೆ ಓದಲಿಕ್ಕೆ ಸಿಗೋದು ಭಾಳ ಕಡಿಮಿ. ಇಂಟರ್ನೆಟ್‌ನ್ಯಾಗ ಆಕಿ ಫೋಟೊ ಅಂತ ಓಡಾಡೋದು ಬ್ಯಾರೆ ಹೆಂಗಸಿಂದು. ಆದ್ರ ಪೇಟೆಂಟಿನ ಚಿತ್ರ ನೋಡಿದೆ, ನಾನೂ ಅದನ್ನ ಓದಬಲ್ಲೆ ಅನಿಸ್ತು. ಥಂಡ್ಯಾಗ ಒಂದು ಖೋಲಿ ಬಿಟ್ಟು ಇನ್ನೊಂದು ಖೋಲಿಗೆ ಕೆಲಸಾ ಮಾಡಿದಾಕಿಗೇ ಇದು ಹೊಳೀತದ.

ಉಳಿದವರಿಗೆ ಇದು ಹೊಳೀಲಿಕ್ಕೆ ಎಣ್ಣಿ ತುಟ್ಟಿ ಆಗಬೇಕಾತು. 1973ರ ಎಣ್ಣಿ ಬಿಕ್ಕಟ್ಟಿನ್ಯಾಗ ಅಧ್ಯಕ್ಷ ನಿಕ್ಸನ್ ಟಿವಿಯೊಳಗ ಬಂದು, ಮನಿ ಕಾವು 6 ಡಿಗ್ರಿ ಇಳಸ್ರಿ, ಹಗಲಿಗೆ ಸರಾಸರಿ 68 ಸಾಕು ಅಂದ. 1977ರ ಫೆಬ್ರವರಿಯಾಗ ಕಾರ್ಟರ್ ಸ್ವೆಟರ್ ಹಾಕ್ಕೊಂಡು ಬೆಂಕಿ ಹತ್ರ ಕೂತು, ಹಗಲು 65, ರಾತ್ರಿ 55 ಅಂದ. 55 ಅಂದ್ರ 13 ಡಿಗ್ರಿ! ಬಾಣಂತಿ ಇದ್ದ ಮನ್ಯಾಗ ಯಾರು ಪಾಲಿಸಿರಬೇಕು ಇದನ್ನ? ಅಲ್ಲಿಂದ ಮುಂದ ರಾತ್ರಿ ತಾನ ಕಾವು ಇಳಿಸೋ, ಗಡಿಯಾರ ಇದ್ದ ಡಬ್ಬಿಗಳಿಗೆ ಬೇಡಿಕಿ ಏರಿತು. ಮಜಾ ಅಂದ್ರ ಅಂಥವು ಅದಕ್ಕೂ ಎಷ್ಟೋ ವರ್ಷ ಮೊದಲ ಇದ್ವು. 2011ರಾಗ ನೆಸ್ಟ್ ಬಂತು. ಐಪಾಡ್ ಮಾಡಿದವರೊಳಗ ಒಬ್ಬನಾದ ಟೋನಿ ಫ್ಯಾಡೆಲ್ ಮತ್ತ ಆತನ ಜೋಡಿ ಮ್ಯಾಟ್ ರಾಜರ್ಸ್ ಮಾಡಿದ್ದು. ಮನಿ ಮಂದಿ ಯಾವಾಗ ಏರಸ್ತಾರ, ಯಾವಾಗ ಇಳಸ್ತಾರ ಅಂತ ನೋಡಿ ತಾನ ಕಲೀತದ. 2014ರಾಗ ಗೂಗಲ್ ಅದನ್ನ 320 ಕೋಟಿ ಡಾಲರ್ ಕೊಟ್ಟು ತಗೊಂತು. ನಮ್ಮ ಮನಿ ಡಬ್ಬಿ ಯಾವ ಕಂಪನಿದು ಅಂತ ಹೇಳೂದಿಲ್ಲ, ತಪ್ಪು ಅದರದಲ್ಲ. ಸೊಸಿಗೆ ಪಡಸಾಲ್ಯಾಗ ಕೂಡಸಿ ಒಳಗಿನ ಖೋಲಿ ಯಾಕ ನೋಡಲಿಲ್ಲ ಅಂತ ಕೇಳಿಧಂಗ ಆಗ್ತದ.

ಮಿಸ್ತ್ರಿ ಮಾಡಿದ ಕೆಲಸ ಇಷ್ಟು. ಹೀಟ್ ಪಂಪಿಂದು ಪಡಸಾಲ್ಯಾಗಿನ ಡಬ್ಬಿಗೇ ಬಿಟ್ಟ. ಬಾಯ್ಲರ್‌ಗೆ ಇನ್ನೊಂದು ಸ್ಮಾರ್ಟ್ ಡಬ್ಬಿ ತರಿಸಿ, ನೆಲಮಾಳಿಗಿಯಿಂದ ಹೊಸಾ ಐದು ಎಳಿ ಕೇಬಲ್ ನೇರ ಬಾಣಂತಿ ಖೋಲಿಗೇ ಎಳದ, ಸೀ ಸಹಿತ. ಫೋನ್‌ನ್ಯಾಗ ಎರಡೂ ಒಂದ ಪುಟದಾಗ ಕಾಣ್ತಾವ, ಅಳಿಯಂದ್ರ ಆಸೆನೂ ಉಳೀತು. ಗಾಜಿನ ಖೋಲಿ ಹೀಟರ್ ಮುಟ್ಟಗೊಡಲಿಲ್ಲ. ಅಲ್ಲಿನ ವೈರು ದಪ್ಪ, 240 ವೋಲ್ಟಿಂದು, ಹೀಟರ್ ಕುಡಿಯೋ ಪೂರ್ತಿ ಕರೆಂಟು ಡಬ್ಬಿಯೊಳಗ ಹಾದ ಹೋಗ್ತದ. ಅದನ್ನ 24 ವೋಲ್ಟಿನ ಡಬ್ಬಿಗೆ ಜೋಡಿಸಿದ್ರ ಡಬ್ಬಿ ಸುಡ್ತದ, ಮನಿನೂ ಸುಡಬಹುದು ಅಂದ. ಅದಕ್ಕಂತನ ಬ್ಯಾರೆ ನಮೂನಿ ಸಿಗ್ತಾವಂತ. ಮುಂದಿನ ವಾರಕ್ಕ ಅಂತ ಅಳಿಯಂದ್ರು ತಾವ ಅದನ್ನ ಜೋಡಿಸೋರಿದ್ರಲ್ಲಾ, ನೆನಸಿದ್ರ ಈಗೂ ಹೊಟ್ಟ್ಯಾಗ ಕಲಸ್ತದ. ನಿಮ್ಮ ಮಕ್ಕಳಿಗೆ ಇದೊಂದು ಮಾತು ಮಾತ್ರ ಮರೀದ ಹೇಳ್ರಿ: ಗ್ವಾಡ್ಯಾಗ ಎರಡ ದಪ್ಪ ವೈರು ಕಂಡ್ರ ಕೈ ಹಚ್ಚಬ್ಯಾಡ್ರಿ, ಮಿಸ್ತ್ರಿನ್ನ ಕರೀರಿ.

ಆ ಮ್ಯಾಲ ಎರಡು ಸಲ ಮೈನಸ್ 20 ದಾಟಿತು, ನಾಕು ಸಲ ಸೊನ್ನಿ ಹತ್ರ ಬಂತು, ಕೂಸಿನ ಖೋಲಿ 70ರಿಂದ ಕದಲಿಲ್ಲ. ಆದ್ರೂ ನಾ ಮೂರಕ್ಕ ಏಳ್ತೇನಿ, ಅಂಗಾಲು ಮುಟ್ಟಿ ನೋಡ್ತೇನಿ. ಮಗಳು ನಗ್ತಾಳ, "ಅವ್ವಾ, ಫೋನ್‌ನ್ಯಾಗ ತೋರಸ್ತದಲ್ಲಾ" ಅಂತ.

ಹಳೇ ಗೋಲ ಡಬ್ಬಿ ಅಡಗಿಮನಿ ಕಪಾಟಿನ್ಯಾಗ ಅದ. ಒಳಗ ಪಾದರಸ ಅದ, ಕಸದಾಗ ಒಗೀಬ್ಯಾಡ್ರಿ, ಅದನ್ನ ತಗೊಳ್ಳೋ ಜಾಗಾಕ್ಕ ಮುಟ್ಟಸ್ರಿ ಅಂತ ಮಿಸ್ತ್ರಿ ಹೇಳಿ ಹೋಗ್ಯಾನ. ಶನಿವಾರ ಹೋಗೋರಿದ್ದೀವಿ. ಅಲ್ಲೀತನಕಾ ಅದನ್ನ ಒಂದು ಹಳೇ ಬಟ್ಟ್ಯಾಗ ಸುತ್ತಿ, ಕೂಸಿನ ಸಾಮಾನಿನಿಂದ ದೂರ, ಮ್ಯಾಲಿನ ಅರ್ಯಾಗ ಇಟ್ಟೇನಿ.